ಸೊನ್ನೆಯ ಜಾಗ

ಧನಕವಡಿಯ ಮೂರನೇ ಮಹಡಿ,
ಬಟ್ಟೆ ಒಣಹಾಕುವ ಗ್ಯಾಲರಿಯಲ್ಲಿ ನನ್ನ ಯಂತ್ರ.
ಎರಡು ಚಪಾತಿ ಮಣೆಯಷ್ಟು ಅದರ ಹಾಸು.
ಒಂದರಿಂದ ನಾಲ್ಕು ಓಣಿ ಮಲಗುತ್ತದೆ, ಮಿಸುಕುವಂತಿಲ್ಲ.
ನಾಲ್ಕಕ್ಕೆ ಶುರು, ಏಳಕ್ಕೆ ಬಂದ್.
ಆ ಮೂರು ತಾಸಿನಲ್ಲಿ ಎರಡು
ಉಳಿ ಬದಲಿಸುವುದಕ್ಕೇ.

ಭಾನುವಾರದ ಕನ್ನಡ ವರ್ಗಕ್ಕೆ ಮರದ ಅಕ್ಷರ ಬೇಕಿತ್ತು,
ಬೆರಳಿಟ್ಟು ತಿದ್ದುವಂಥ ತಗ್ಗಿನವು, ನಲವತ್ತೊಂಬತ್ತು.
ಒಂದೊಂದಕ್ಕೂ ಮೂರು ಉಳಿ:
ಮೇಲ್ಮೈ ಹೆರೆಯಲು ಅಗಲದ್ದು, ತಗ್ಗು ತೋಡಲು ಮೂರು ಮಿಲಿಮೀಟರಿನದು,
ಬಳುಕಿಗೆ, ಅಂದರೆ ಋ ಇದೆಯಲ್ಲ, ಆ ಬಾಲಕ್ಕೆ,
ಸೂಜಿಯಂಥದು.
ನಲವತ್ತೊಂಬತ್ತು ಮೂರ್ಲೆ ನೂರ ನಲವತ್ತೇಳು.
ಯಾರೂ ಎಂದೂ ಬರೆಯದ ಙ-ಗೂ ಮೂರು.

ಎಡಗೈಯಲ್ಲೊಂದು ಪಾನಾ, ಬಲಗೈಯಲ್ಲೊಂದು.
ಒಂದು ಬಿಗಿಹಿಡಿಯಬೇಕು, ಇನ್ನೊಂದು ತಿರುವಬೇಕು,
ಉಳಿ ಹಿಡಿಯಲು ದೇವರು ಮೂರನೇ ಕೈ ಕೊಟ್ಟಿಲ್ಲ.
ಬೀಳುತ್ತದೆ. ಬಿಸಿಬಿಸಿ ಬೀಳುತ್ತದೆ.
ಆಮೇಲೆ ಸೊನ್ನೆ ಹುಡುಕು.
ಹೊಸ ಉಳಿ ಹಳೆಯದರಷ್ಟೇ ಉದ್ದ ಇರುವುದುಂಟೆ?
ಮರದ ಮೇಲೆ ಬಸ್ಸಿನ ಟಿಕೇಟಿಟ್ಟು
ಕೂದಲೆಳೆಯಷ್ಟು ಇಳಿಸುತ್ತ, ಟಿಕೇಟು ಜಗ್ಗುತ್ತ,
ಇಳಿಸುತ್ತ, ಜಗ್ಗುತ್ತ,
ಜಗ್ಗಿದರೂ ಬಾರದಾದಾಗ: ಇಲ್ಲಿ. ಇದೇ ಸೊನ್ನೆ.
ಆದರೆ ಮೊದಲ ಉಳಿ ಆ ಮೇಲ್ಮೈಯನ್ನೇ ತಿಂದಿದೆ.
ಯಾವುದರಿಂದ ಅಳೆದಿದ್ದೆನೋ ಅದೀಗ
ಹೊಟ್ಟಾಗಿ ನನ್ನ ಸೆರಗಿನಲ್ಲಿದೆ.

ಅ ಆಳಕ್ಕೆ ಹೋಯಿತು, ಆ ತೇಲಿತು,
ಙ ಹಲಗೆಯ ಆಚೆ ಬದಿಗೇ ಹಾಯ್ದಿತು.

ಕೆಳಮನೆಯ ಗುಂಜಾಳ ಆಜೋಬಾ ಮೆಟ್ಟಿಲೇರಿ ಬಂದರು,
ಅಂಗೈಯಲ್ಲಿ ನನ್ನ ಸೂಜಿ ಉಳಿ. "ಹಪ್ಪಳದಲ್ಲಿ ಸಿಕ್ಕಿತು."
ಭೋಸರಿಯ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ನಿಂತ ಕಾಲು,
ಇಲ್ಲೂ ಕೂರಲೊಲ್ಲದು.
ಒಂದು ಬದಲಾವಣೆ ಪೂರ್ತಿ ನೋಡಿ, ಟಿಕೇಟು ಕಿತ್ತುಕೊಂಡು,
"ಕಡಿಯುತ್ತಿರುವುದನ್ನೇ ಸಾಕ್ಷಿಗೆ ಕರೆಯುತ್ತಾರೇನು ಬಾಯೀ?
ಯಾವ ಉಳಿಯೂ ತಿನ್ನದ್ದೊಂದನ್ನು ಮೂಲೆಯಲ್ಲಿಡು."

ಜೂನಾ ಬಜಾರಿನ ಹಿತ್ತಾಳೆ ಬಿಲ್ಲೆ, ಅಡಿಗೆ ಪ್ಲಾಸ್ಟಿಕ್ಕು,
ಬೆನ್ನಿಗೊಂದು ತಂತಿ, ಉಳಿಗೊಂದು ಕ್ಲಿಪ್ಪು.
ಯಂತ್ರಕ್ಕೆ ಆರು ಸಾಲು ಬರೆದೆ:
ನಿಲ್ಲು. ಮೇಲೇಳು.
ಮೂಲೆಯಲ್ಲಿ ಅಡಗದೆ ನನ್ನೆದುರು ಬಾ.
ನಾನು ಬಿಗಿಯುವತನಕ ತಾಳು.
ಬಿಲ್ಲೆ ಮುಟ್ಟು.
ಹಿಂದಿನದಕ್ಕೂ ಇದಕ್ಕೂ ಎಷ್ಟು ಅಂತರವೋ ನೀನೇ ಕೂಡಿಸಿಕೊ.
ಮೊದಲ ದಿನ ಕ್ಲಿಪ್ಪು ತೆಗೆಯದೆ ಗುಂಡಿ ಒತ್ತಿಬಿಟ್ಟೆ,
ತಂತಿಯನ್ನೆಲ್ಲ ಶ್ಯಾವಿಗೆಯಂತೆ ಸುತ್ತಿಕೊಂಡಿತು.
ಅಂದಿನಿಂದ ಏಳನೆಯದು:
ಕ್ಲಿಪ್ಪು ತೆಗೆದೆಯಾ ಎಂದು ಕೇಳು.

ಆಮೇಲೆ ನಾಚಿಕೆಯಾಗುವಷ್ಟು ಸರಳವಾದ ಲೆಕ್ಕ.
ಒಂದು ಹಲಗೆಗೆ ಏಳು ಅಕ್ಷರ, ಏಳು ಹಲಗೆ.
ಏಳನ್ನೂ ಹೆರೆ, ಏಳನ್ನೂ ತೋಡು, ಏಳರ ಬಾಲವನ್ನೂ ತಿದ್ದು.
ಏಳು ಮೂರ್ಲೆ ಇಪ್ಪತ್ತೊಂದು.
ಪಾನಾ ನೇತುಹಾಕಲು ಎರಡು ಮೊಳೆ.
ಉಳಿ ಬಿದ್ದರೆ ಬೀಳಲಿ ಎಂದು ಕೆಳಗೆ ಹಳೇ ಟವೆಲ್ಲು.
ಕೆಟ್ಟ ಙ-ಯನ್ನು ಆಜೋಬಾ ಒಯ್ದು
ಮೂರು ತೂತು ಕೊರೆದು ತಂದರು, ಉಳಿ ನಿಲ್ಲಿಸಲು.
ಕೊನೆಗೂ ಉಪಯೋಗಕ್ಕೆ ಬಂತು, ಎಂದೆ.
ಅವರಿಗೆ ಕನ್ನಡ ಬಾರದು, ನಗಲಿಲ್ಲ.
ಉಗುರಿನಿಂದ ಅದರ ಅಂಚು ಸವರಿ,
"ಇನ್ನೂ ಒರಟು" ಎಂದರು.

ಭಾನುವಾರ ಏಳು ಹಲಗೆ ಚಾಪೆಯ ಮೇಲೆ.
ಸಿಂದಗಿ ಕಡೆಯ ಗೌಂಡಿಯ ಮಗಳು ಸಾತವ್ವ
ಅಂ ಮುಂದೆ ಕೂತು ಅ-ದಲ್ಲಿ ಬೆರಳು ಎಳೆದಳು,
ಆಮೇಲೆ ಸೊನ್ನೆಯಲ್ಲಿ,
ಒಂದು ಸುತ್ತು, ಇನ್ನೊಂದು ಸುತ್ತು, ಎಲ್ಲೂ ತೊಡರಲಿಲ್ಲ.
"ಅಕ್ಕೋರೆ, ಸೊನ್ನಿ ಅಂದ್ರ ಏನೂ ಇಲ್ಲ ಅಂತ ಅಲ್ಲೇನ್ರಿ?
ಮತ್ತ ಇದ್ಯಾಕ ಸಪ್ಪಳ ಮಾಡ್ತದ?"

ಮೂಗಿನಾಗ ಹೇಳವ್ವ, ಎಂದೆ.
ಅಷ್ಟೇ ಹೊಳೆದದ್ದು.